ಬಸ್ಸು ಬಾರದ ದಿನ

ದಂಡಿಗನಹಳ್ಳಿ ಹೋಬಳಿಯಲ್ಲಿ ಮುಷ್ಕರದಿಂದಾಗಿ ಬೆಳಗಿನ ಕೆಂಪು ಬಸ್ಸು ಬರಲಿಲ್ಲವೆಂದರೆ ಚನ್ನರಾಯಪಟ್ಟಣದ ಕಾಲೇಜು, ಆಸ್ಪತ್ರೆ, ಸಂತೆ ಎಲ್ಲವೂ ದೂರವಾಗುತ್ತವೆ. ಸಿಟ್ಟು ಬರುವುದು ಸಹಜ. ಆದರೆ ಮಾರನೇ ದಿನ ಡ್ಯೂಟಿಗೆ ಬಂದ ಕಂಡಕ್ಟರಣ್ಣನ ಮೇಲೆ ಅದನ್ನು ತೀರಿಸಿಕೊಳ್ಳಬೇಡಿ.

ನೌಕರರಿಗೂ ಸರ್ಕಾರಕ್ಕೂ ಜಗಳ ಎಲ್ಲಿಂದ ಹುಟ್ಟಿತೆಂದು ಸ್ವಲ್ಪ ನೋಡಿ. ಸಾರಿಗೆ ನೌಕರರ ಸಂಬಳ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕೆಂಬುದು ರೂಢಿ. 2020ರ ಜನವರಿಯಲ್ಲಿ ಆಗಬೇಕಿದ್ದದ್ದು ಕೈಗೆ ಬಂದಿದ್ದು 2023ರ ಮಾರ್ಚ್‌ನಿಂದ, ಶೇ 15ರಷ್ಟು. ನಡುವಿನ 38 ತಿಂಗಳ ಹಿಂಬಾಕಿ ಹಾಗೇ ಉಳಿಯಿತು. ಆರನೇ ವೇತನ ಆಯೋಗದ ಸಂಬಳ ಕೇಳಿ 2021ರ ಏಪ್ರಿಲ್ 7ರಿಂದ ಎರಡು ವಾರ ಬಸ್ಸು ನಿಂತಾಗ ಅಧಿಕಾರದಲ್ಲಿದ್ದುದು ಬಿಜೆಪಿ. ವಜಾ, ಅಮಾನತು, ವರ್ಗಾವಣೆ ಎಲ್ಲವೂ ಆದವು. ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಮುಷ್ಕರವಾದಾಗ ಇದ್ದುದು ಕಾಂಗ್ರೆಸ್. ಹೈಕೋರ್ಟ್ ಗದರಿದ ಮೇಲೆ ಅದು ಒಂದೇ ದಿನಕ್ಕೆ ಮುಗಿಯಿತು. ವಿರೋಧ ಪಕ್ಷದಲ್ಲಿದ್ದಾಗ ಧರಣಿಯ ಶಾಮಿಯಾನಕ್ಕೆ ಬರುವವರೇ ಕುರ್ಚಿ ಸಿಕ್ಕಮೇಲೆ ಮುಷ್ಕರ ತಡೆಯುವ ಎಸ್ಮಾ ಕಾಯ್ದೆಯನ್ನು ನೆನಪು ಮಾಡಿಕೊಳ್ಳುತ್ತಾರೆ. ಪಕ್ಷ ಯಾವುದಾದರೇನು!

ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲಿದೆ. ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದಮೇಲೆ ಮಾತುಕತೆಯ ಮೇಜಾದರೂ ಸಾಚಾ ಇರಬೇಡವೇ? ನೌಕರರಿಗೂ ಒಂದು ಮಾತು: ಪರೀಕ್ಷೆಯ ದಿನಗಳಲ್ಲಿ ಬಸ್ಸು ನಿಲ್ಲಿಸಿದರೆ ಹಳ್ಳಿಯವರ ಒಲವು ಉಳಿಯದು.

ಮುಷ್ಕರದ ನೋಟಿಸು ಮೊದಲೇ ಹೋಗಿರುತ್ತದೆ. ಪೇಪರಿನಲ್ಲಿ ಆ ಸುದ್ದಿ ಕಂಡ ದಿನವೇ ನಿಮ್ಮ ಶಾಸಕರಿಗೆ ಫೋನ್ ಮಾಡಿ, ಮಾತುಕತೆ ಎಲ್ಲಿಗೆ ಬಂತೆಂದು ಕೇಳಿ.