ನಮ್ಮೂರ ಚರಿತ್ರೆ ಮೊಬೈಲಿನಲ್ಲೇ ಸಿಗುತ್ತದೆ: ಹುಡುಕುವ ಕ್ರಮ ಇಲ್ಲಿದೆ

ಶಾಲೆಯಲ್ಲಿ ‘ನಮ್ಮೂರ ಇತಿಹಾಸ’ ಎಂದು ಪ್ರಾಜೆಕ್ಟ್ ಕೊಟ್ಟರೆ ರಾವಂದೂರು, ಬೆಟ್ಟದಪುರ ಕಡೆಯ ಮಕ್ಕಳು ಹಂಪಿ, ಬೇಲೂರಿನ ಚಿತ್ರ ಅಂಟಿಸಿ ಮುಗಿಸುವುದುಂಟು. ಹೋಬಳಿ ಊರಿನ ಬಗ್ಗೆ ಯಾರು ಏನು ಬರೆದಿಟ್ಟಿರುತ್ತಾರೆ ಎಂಬ ಅನುಮಾನ ಮನೆಯ ಹಿರಿಯರಿಗೂ ಇರುತ್ತದೆ. ನಿಜವಾಗಿ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಶಾಸನ, ಕಾಡು, ಬೆಳೆ, ಜನಜೀವನದ ಬಗ್ಗೆ ಇನ್ನೂರು ವರ್ಷಗಳಿಂದ ಬರೆದಿಟ್ಟದ್ದು ಬೇಕಾದಷ್ಟಿದೆ. ಅದರಲ್ಲಿ ಬಹಳಷ್ಟು ಈಗ ಮುಕ್ತ ಡಿಜಿಟಲ್ ಭಂಡಾರಗಳಲ್ಲಿ ಪುಕ್ಕಟೆಯಾಗಿ ಓದಲು ಸಿಗುತ್ತದೆ.

ತೊಡಕಿರುವುದು ಹುಡುಕುವುದರಲ್ಲಿ. ಶಾಸನ ಒಂದು ಕಡೆ, ಪಿಎಚ್.ಡಿ. ಪ್ರಬಂಧ ಮತ್ತೊಂದು ಕಡೆ, ಕೃಷಿ ಸಂಶೋಧನೆ ಇನ್ನೊಂದು ಕಡೆ ಇರುತ್ತದೆ. ಗೂಗಲ್‌ನಲ್ಲಿ ಊರ ಹೆಸರು ಹಾಕಿದರೆ ಪಿನ್‌ಕೋಡು, ಬಸ್ ಸಮಯ ಬರುತ್ತದೆಯೇ ಹೊರತು ಇವು ಬರುವುದಿಲ್ಲ. ಯಾವ ಕಾಳು ಯಾವ ಕಣಜದಲ್ಲಿದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೊಬೈಲ್ ಇಲ್ಲವೇ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರ್, ಒಂದು ನೋಟ್‌ಬುಕ್ಕು ಇದ್ದರೆ ಸಾಕು.

ಹಂತ 1: ಹಳೆಯ ಹೆಸರುಗಳ ಪಟ್ಟಿ ಮಾಡಿ

ಹುಡುಕಾಟ ಸೋಲುವುದು ಹೆಚ್ಚಾಗಿ ಇಲ್ಲೇ. ಕೆ.ಆರ್. ನಗರ ಕಾವೇರಿ ಪ್ರವಾಹದ ನಂತರ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಊರು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಆ ತಾಲ್ಲೂಕು ‘ಎಡತೊರೆ’. ‘ಎಚ್.ಡಿ. ಕೋಟೆ’ ಎಂದು ಹಾಕಿದರೆ ಹಳೆಯದೇನೂ ಬಾರದು, ‘ಹೆಗ್ಗಡದೇವನಕೋಟೆ’ ಎಂದೇ ಬರೆಯಬೇಕು. ಕೆ.ಆರ್. ನಗರ ಕಡೆಯ ಚಿಕ್ಕಹನಸೋಗೆ ಶಾಸನಗಳಲ್ಲಿ ‘ಪನಸೋಗೆ’ ಆಗಿದೆ. ಪಿರಿಯಾಪಟ್ಟಣವನ್ನು ಇಂಗ್ಲಿಷಿನವರು ‘ಪೆರಿಯಾಪಟ್ನ’, ‘ಪ್ರಿಯ-ಪಟ್ಟಣ’ ಎಂದೆಲ್ಲ ಬರೆದಿದ್ದಾರೆ. ನಿಮ್ಮ ಊರಿಗೂ ಹೀಗೆ ನಾಲ್ಕಾರು ರೂಪ ಬರೆದುಕೊಂಡು, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಹುಡುಕಿ.

ಹಂತ 2: ಶಾಸನದಿಂದ ಶುರು ಮಾಡಿ

ಇಂಟರ್‌ನೆಟ್ ಆರ್ಕೈವ್ ಜಾಲತಾಣಕ್ಕೆ ಹೋಗಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಬಿ.ಎಲ್. ರೈಸ್ ಸಂಪಾದಿಸಿದ ಈ ಮಾಲೆಯ ನಾಲ್ಕನೇ ಸಂಪುಟ 1898ರದು. ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲ್ಲೂಕುಗಳ ಶಾಸನಗಳು ಇದರಲ್ಲಿವೆ. ಪಿರಿಯಾಪಟ್ಟಣ ಕಡೆಯ ಊರುಗಳು ಆಗ ಹುಣಸೂರು ತಾಲ್ಲೂಕಿಗೆ ಸೇರಿದ್ದರಿಂದ ರಾವಂದೂರಿನವರು ಹುಣಸೂರಿನ ಭಾಗವನ್ನೇ ತೆರೆಯಬೇಕು.

ಪುಸ್ತಕ ಗಾಬರಿ ಹುಟ್ಟಿಸುವಷ್ಟು ದಪ್ಪ. ಆದರೆ ಅದರ ಜೋಡಣೆ ಸರಳ. ಪ್ರತಿ ತಾಲ್ಲೂಕಿಗೂ ಶಾಸನ ಸಂಖ್ಯೆ ಒಂದರಿಂದ ಹೊಸದಾಗಿ ಶುರುವಾಗುತ್ತದೆ. ಒಂದೇ ಶಾಸನ ಮೂರು ಕಡೆ ಸಿಗುತ್ತದೆ: ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ. ಮೊದಲು ಇಂಗ್ಲಿಷ್ ಅನುವಾದದ ಭಾಗದಲ್ಲಿ ಊರ ಹೆಸರು ಹುಡುಕಿ, ಸಂಖ್ಯೆ ಗುರುತು ಹಾಕಿಕೊಳ್ಳಿ, ಅದೇ ಸಂಖ್ಯೆ ಹಿಡಿದು ಕನ್ನಡ ಪಾಠಕ್ಕೆ ಹೋಗಿ. ಕಲ್ಲು ಆಗ ಎಲ್ಲಿತ್ತು ಎಂಬುದೂ ಅಲ್ಲಿ ನಮೂದಾಗಿರುತ್ತದೆ: ದೇವಸ್ಥಾನದ ಬಾಗಿಲ ಬಳಿ, ಕೆರೆ ಏರಿ ಮೇಲೆ, ಇಂಥ ಹೊಲದಲ್ಲಿ ಎಂದು. ಆ ಜಾಗಕ್ಕೆ ಹೋಗಿ ಕಲ್ಲು ಇನ್ನೂ ಇದೆಯೇ ನೋಡಿ ಬರುವುದೇ ಒಂದು ಒಳ್ಳೆಯ ಪ್ರಾಜೆಕ್ಟ್. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಊರುಗಳವರಿಗಂತೂ ಇಂಥ ಹಳೆಯ ಸಂಪುಟಗಳೇ ದೊಡ್ಡ ಆಸರೆ.

ಮೈಸೂರು ವಿಶ್ವವಿದ್ಯಾನಿಲಯ ಇದೇ ಮಾಲೆಯನ್ನು ಪರಿಷ್ಕರಿಸಿ ಮತ್ತೆ ತಂದಿದೆ. ಅದರ 3ನೇ ಸಂಪುಟದಲ್ಲಿ ಹೆಗ್ಗಡದೇವನಕೋಟೆ, 4ರಲ್ಲಿ ಹುಣಸೂರು ಮತ್ತು ಪಿರಿಯಾಪಟ್ಟಣ, 5ರಲ್ಲಿ ಕೃಷ್ಣರಾಜನಗರ ಬರುತ್ತವೆ. ಹಳೆಯ, ಹೊಸ ಆವೃತ್ತಿಗಳ ಶಾಸನ ಸಂಖ್ಯೆ ಬೇರೆ ಬೇರೆ. ಬರೆದುಕೊಳ್ಳುವಾಗ ಆವೃತ್ತಿ ಯಾವುದೆಂದು ತಪ್ಪದೆ ನಮೂದಿಸಿ.

ಹಂತ 3: ಗೆಜೆಟಿಯರ್, ಪ್ರವಾಸ ಕಥನ ತೆರೆಯಿರಿ

ಅದೇ ಆರ್ಕೈವ್‌ನಲ್ಲಿ ರೈಸ್‌ನ ‘ಮೈಸೂರು ಗೆಜೆಟಿಯರ್’ (1897), ಸಿ. ಹಯವದನರಾವ್ ಅವರ ಐದು ಸಂಪುಟಗಳ ಗೆಜೆಟಿಯರ್ (1927–30) ಇವೆ. ತಾಲ್ಲೂಕಿನ ಹೊಳೆ, ಸಂತೆ, ಬೆಳೆ, ಕಂದಾಯದ ವಿವರ ಇವುಗಳಲ್ಲಿ ಸಿಗುತ್ತದೆ. ಫ್ರಾನ್ಸಿಸ್ ಬುಕಾನನ್ ಟಿಪ್ಪು ಮಡಿದ ಮರುವರ್ಷವೇ ಈ ಸೀಮೆ ಸುತ್ತಿದವನು. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಪಿರಿಯಾಪಟ್ಟಣ, ಬೆಟ್ಟದಪುರಗಳ ವಿವರವಿದೆ. ಕಾಕನಕೋಟೆ, ನಾಗರಹೊಳೆ ಕಡೆಯ ಕಾಡು, ಆನೆಗಳ ಬಗ್ಗೆ ಆಸಕ್ತಿಯಿದ್ದರೆ ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ನೋಡಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಳೆಯ ನಿಯತಕಾಲಿಕ ಅಲ್ಲಿದೆ.

ಒಂದು ಎಚ್ಚರ: ಈ ಗೆಜೆಟಿಯರ್, ಪ್ರವಾಸ ಕಥನಗಳು ಆಳುವವರಿಗಾಗಿ ಬರೆದ ಪುಸ್ತಕಗಳು. ಜೇನುಕುರುಬರು, ಸೋಲಿಗರಂಥ ಸಮುದಾಯಗಳ ಬಗ್ಗೆ ಅಲ್ಲಿರುವ ಮಾತು ಬರೆದವರ ಕಣ್ಣಿಗೆ ಕಂಡದ್ದು. ಹಾಡಿಯ ಹಿರಿಯರನ್ನು ಕೇಳಿ ತಾಳೆ ನೋಡದೆ ಹಾಗೇ ಎತ್ತಿ ಬರೆಯಬೇಡಿ.

ಹಂತ 4: ಪ್ರಬಂಧಗಳನ್ನು ಮರೆಯಬೇಡಿ

ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಡುವ ‘ವಿದ್ಯಾನಿಧಿ’ ಯೋಜನೆ 2000ದಲ್ಲಿ ಶುರುವಾದದ್ದು ಮೈಸೂರು ವಿಶ್ವವಿದ್ಯಾನಿಲಯದಲ್ಲೇ. ಈಗ ದೇಶದ ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ವಿಶ್ವವಿದ್ಯಾನಿಲಯದ ಹೆಸರು ಆರಿಸಿ, ವಿಭಾಗ ಆರಿಸಿ, ಆಮೇಲೆ ತಾಲ್ಲೂಕಿನ ಹೆಸರು ಹಾಕಿ. ಪ್ರಬಂಧ ಅಧ್ಯಾಯವಾರು ಪಿಡಿಎಫ್ ಆಗಿರುತ್ತದೆ, ಬೇಕಾದ ಅಧ್ಯಾಯವನ್ನಷ್ಟೇ ಇಳಿಸಿಕೊಳ್ಳಬಹುದು. ಕನ್ನಡ ಪ್ರಬಂಧಗಳ ಶೀರ್ಷಿಕೆ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಕೊನೆಯ ಗ್ರಂಥಋಣದ ಪಟ್ಟಿಯನ್ನು ಮೊದಲು ಓದಿ, ಮುಂದಿನ ದಾರಿ ಅಲ್ಲೇ ಕಾಣುತ್ತದೆ.

ತಂಬಾಕು, ಶುಂಠಿ, ಹೈನುಗಾರಿಕೆ ಮಾಡುವ ರೈತರು ‘ಕೃಷಿಕೋಶ’ ನೋಡಬೇಕು. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ., ಪಿಎಚ್.ಡಿ. ಪ್ರಬಂಧಗಳು ಅಲ್ಲಿವೆ. ಬೆಳೆ ಮತ್ತು ತಾಲ್ಲೂಕಿನ ಹೆಸರನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ಹಾಕಿ ಹುಡುಕಿ.

ಹಂತ 5: ಕನ್ನಡದಲ್ಲೇ ಓದಲು

ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದರ ಲೇಖನಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಓದಬಹುದು. ಅಲ್ಲಿನ ಜನಸಂಖ್ಯೆ, ರಸ್ತೆಗಳ ವಿವರ ಹಳೆಯದು, ಇತಿಹಾಸದ ಭಾಗ ಈಗಲೂ ಉಪಯುಕ್ತ. ಹಳಗನ್ನಡದ ಪದ ತೊಡಕಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ‘ಭಾರತವಾಣಿ’ಯ ನಿಘಂಟುಗಳು ಕೈಗೆ ಸಿಗುತ್ತವೆ. ಊರಿನ ಹೆಸರಷ್ಟೇ ಅಲ್ಲ, ಆ ಊರಿನವರ ಹೆಸರಿನಿಂದಲೂ ಹುಡುಕಬಹುದು. ಹುಣಸೂರು ಬಳಿಯ ಕಲ್ಲಹಳ್ಳಿಯ ಮೂರನೇ ಮಂಗರಸ ಅಡುಗೆಯ ಮೇಲೆ ‘ಸೂಪಶಾಸ್ತ್ರ’ ಬರೆದವನು. ಅದೇ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಬಂತು. ಇಂಥ ಹೆಸರುಗಳನ್ನೂ ಹುಡುಕುಪದವಾಗಿ ಬಳಸಿ.

ಹಂತ 6: ಗುರುತು ಮತ್ತು ಹಕ್ಕು

ಸಿಕ್ಕಿದ ಪ್ರತಿಯೊಂದಕ್ಕೂ ಪುಸ್ತಕ, ಸಂಪುಟ, ವರ್ಷ, ಪುಟ, ಕೊಂಡಿ ಬರೆದಿಡಿ. ಓದಲು ತೆರೆದಿದೆ ಎಂದ ಮಾತ್ರಕ್ಕೆ ಮರುಮುದ್ರಿಸುವ ಹಕ್ಕು ಸಿಕ್ಕಿತೆಂದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಲೇಖಕ ತೀರಿಕೊಂಡು 60 ವರ್ಷ ಕಳೆದ ಮೇಲಷ್ಟೇ ಕೃತಿಸ್ವಾಮ್ಯ ಮುಗಿಯುತ್ತದೆ. ಹೊಸ ಪ್ರಬಂಧದಿಂದ ಮಾಹಿತಿ ತೆಗೆದರೆ ಬರೆದವರ ಹೆಸರು ಹೇಳಿ.

ಹಂತ 7: ನಿಮ್ಮ ಪಾಲನ್ನೂ ಸೇರಿಸಿ

ಭಂಡಾರ ತುಂಬುವುದು ಸರ್ಕಾರದ, ವಿಶ್ವವಿದ್ಯಾಲಯದ ಕೆಲಸ ಮಾತ್ರವೇನಲ್ಲ. ಹೊಲದ ಬದಿಯ ವೀರಗಲ್ಲಿನ ಚಿತ್ರವನ್ನು ವಿಕಿಮೀಡಿಯ ಕಾಮನ್ಸ್‌ಗೆ ಯಾರು ಬೇಕಾದರೂ ಏರಿಸಬಹುದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆಯಿರಿ. ಅಕ್ಷರದ ಕೊರೆತಕ್ಕೆ ನೆರಳು ಬಿದ್ದು ಎದ್ದು ಕಾಣುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಬಣ್ಣ ಬಳಿಯಬೇಡಿ, ಕಲ್ಲು ಹಾಳಾಗುತ್ತದೆ. ಅಳತೆಗೆ ಪಕ್ಕದಲ್ಲೊಂದು ಸ್ಕೇಲು ಇಡಿ. ವಿವರಣೆಯಲ್ಲಿ ಊರು, ಹೋಬಳಿ, ತಾಲ್ಲೂಕು, ದಿನಾಂಕವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಹಳೆಯ ಕರಪತ್ರ, ಜಾತ್ರೆಯ ಆಹ್ವಾನ ಪತ್ರ, ನಾಟಕದ ನೋಟಿಸುಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ನಲ್ಲಿಡಬಹುದು. ಜನರ ಹಾಡು, ಕಥೆ ಧ್ವನಿಮುದ್ರಿಸಿದರೆ ಅವರ ಒಪ್ಪಿಗೆ ಪಡೆದೇ ಏರಿಸಿ. ಆಧಾರ್, ಪಹಣಿಯಂಥ ಖಾಸಗಿ ದಾಖಲೆ ಏರಿಸುವುದು ಬೇಡವೇ ಬೇಡ.

ಕೊನೆಗೊಂದು ಸಲಹೆ. ಇಳಿಸಿಕೊಂಡ ಪುಟಗಳನ್ನು ಮೊಬೈಲಿನಲ್ಲೇ ಬಿಡಬೇಡಿ. ನಿಮ್ಮ ಊರಿಗೆ ಸಂಬಂಧಿಸಿದಷ್ಟನ್ನು ಪ್ರಿಂಟ್ ಹಾಕಿಸಿ ಒಂದು ಫೈಲ್ ಮಾಡಿ, ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಅರಿವು ಕೇಂದ್ರಕ್ಕೆ ಕೊಡಿ. ಊರಿನ ಬಗ್ಗೆ ಬರೆದದ್ದು ಊರಿನವರ ಕೈಗೆ ಬರಬೇಕು. ಮುಂದಿನ ವರ್ಷ ಪ್ರಾಜೆಕ್ಟ್ ಮಾಡುವ ಮಕ್ಕಳು ಆ ಫೈಲಿನಿಂದ ಶುರು ಮಾಡಿ, ತಾವು ಕಂಡದ್ದನ್ನು ಅದಕ್ಕೆ ಸೇರಿಸಲಿ.