ಗೇಟಿನ ಫಲಕದಿಂದ ವಿಶ್ವಸಂಸ್ಥೆಯವರೆಗೆ: ರಾಸಾಯನಿಕಗಳ ಲೆಕ್ಕ ಕೇಳುವ ಹಕ್ಕು

ರಾಸಾಯನಿಕಗಳಿಂದ ಜನರಿಗೂ ಪರಿಸರಕ್ಕೂ ಆಗುವ ಹಾನಿಯನ್ನು 2020ರೊಳಗೆ ಆದಷ್ಟು ತಗ್ಗಿಸಬೇಕೆಂದು 2002ರ ಜೋಹಾನ್ಸ್‌ಬರ್ಗ್ ಶೃಂಗಸಭೆಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡಿದ್ದವು. ಈ ಗುರಿ ಮುಟ್ಟಲಾಗದೆಂದು 2019ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೇ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ 28 ಗುರಿಗಳ ಹೊಸ ಜಾಗತಿಕ ಚೌಕಟ್ಟು ಬಂತು. ಅದಕ್ಕೆ ಒಪ್ಪಂದದ ಬಲವಿಲ್ಲ, ಪಾಲನೆ ಸ್ವಇಚ್ಛೆಯದು.

ಪ್ರಗತಿಯನ್ನು ಅಳೆಯಲು ಸುಸ್ಥಿರ ಅಭಿವೃದ್ಧಿ ಗುರಿ 12.4ರ ಅಡಿ ಎರಡು ಸೂಚಕಗಳಿವೆ. ಬಾಸೆಲ್, ರಾಟರ್‌ಡ್ಯಾಮ್, ಸ್ಟಾಕ್‌ಹೋಮ್ ಮುಂತಾದ ಒಪ್ಪಂದಗಳ ಪ್ರಕಾರ ಕೊಡಬೇಕಾದ ಮಾಹಿತಿಯನ್ನು ದೇಶ ಕೊಟ್ಟಿದೆಯೇ ಎಂಬುದು ಮೊದಲನೆಯದು. ಇದು ಕಾಗದ ತಲುಪಿತೇ ಎಂದು ನೋಡುತ್ತದೆಯೇ ಹೊರತು ಕೆರೆಯ ನೀರು ತಿಳಿಯಾಯಿತೇ ಎಂದಲ್ಲ. ತಲಾ ಎಷ್ಟು ಅಪಾಯಕಾರಿ ತ್ಯಾಜ್ಯ ಹುಟ್ಟುತ್ತದೆ, ಅದರಲ್ಲಿ ಎಷ್ಟು ಸಂಸ್ಕರಣೆಯಾಗುತ್ತದೆ ಎಂಬ ಎರಡನೆಯ ಸೂಚಕವೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಆದರೆ ಆ ಅಂಕಿ ಹುಟ್ಟುವುದು ಕಾರ್ಖಾನೆಯ ಕಡತದಲ್ಲಿ.

ಭಾರತದಲ್ಲಿ ಆ ಕಡತಕ್ಕೆ ನಮೂನೆ-4 ಎಂದು ಹೆಸರು. ಅಪಾಯಕಾರಿ ತ್ಯಾಜ್ಯ ನಿಯಮಗಳು, 2016ರ ಪ್ರಕಾರ ಕಾರ್ಖಾನೆಗಳು ಪ್ರತಿವರ್ಷ ಜೂನ್ 30ರೊಳಗೆ ಇದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕು. ಮಂಡಳಿ ಅವನ್ನೆಲ್ಲ ಕ್ರೋಡೀಕರಿಸಿ ಸೆಪ್ಟೆಂಬರ್ 30ರೊಳಗೆ ಕೇಂದ್ರ ಮಂಡಳಿಗೆ ಕಳಿಸಬೇಕು. ನಮೂನೆಯಲ್ಲಿ ಹುಟ್ಟಿದ ತ್ಯಾಜ್ಯ, ವಿಲೇವಾರಿ ಘಟಕಕ್ಕೋ ಮರುಬಳಕೆದಾರರಿಗೋ ಕಳಿಸಿದ್ದು, ಒಳಗೇ ಬಳಸಿದ್ದು, ವರ್ಷದ ಕೊನೆಗೆ ದಾಸ್ತಾನು ಉಳಿದದ್ದು ಎಲ್ಲಕ್ಕೂ ಬೇರೆ ಬೇರೆ ಅಂಕಣಗಳಿವೆ. ಹಳೆಯ ದಾಸ್ತಾನನ್ನೂ ಸೇರಿಸಿ ಕೂಡಿ ಕಳೆದಾಗ ತಾಳೆಯಾಗದಿದ್ದರೆ, ಉಳಿದದ್ದು ಎಲ್ಲಿಗೆ ಹೋಯಿತೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆವರಣದಲ್ಲಿ ತ್ಯಾಜ್ಯ ಇಟ್ಟುಕೊಳ್ಳಲು ಸಾಮಾನ್ಯ ಮಿತಿ 90 ದಿನ.

ಕಾರ್ಖಾನೆಯಲ್ಲಿ ಬಳಸುವ ಅಪಾಯಕಾರಿ ರಾಸಾಯನಿಕಗಳ ಸ್ವರೂಪ ಮತ್ತು ಪ್ರಮಾಣ, ಹೊರಬಿಡುವ ನೀರು, ಹೊಗೆ, ಘನತ್ಯಾಜ್ಯ ಇವಿಷ್ಟನ್ನೂ ಗೇಟಿನ ಹೊರಗೆ ಫಲಕದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2003ರ ಅಕ್ಟೋಬರ್ 14ರಂದು ಆದೇಶಿಸಿದೆ. ಅದನ್ನು ಓದಲು ಯಾರ ಅನುಮತಿಯೂ ಬೇಡ. ಭಾರಿ ಅವಘಡದ ಸಾಧ್ಯತೆಯಿರುವ ಘಟಕಗಳಿಗೆ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳೂ ಅನ್ವಯಿಸುತ್ತವೆ. ಅಪಾಯ ಎಂಥದ್ದು, ಅವಘಡವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಸುತ್ತಲಿನವರಿಗೆ ಮೊದಲೇ ತಿಳಿಸುವುದು ಆ ಘಟಕಗಳ ಹೊಣೆ.

ಫಲಕವಿಲ್ಲದಿದ್ದರೆ, ಇದ್ದೂ ಖಾಲಿಯಿದ್ದರೆ, ಮಾಹಿತಿ ಹಕ್ಕು ಅರ್ಜಿಯ ಮೂಲಕ ಮಂಡಳಿಯಿಂದ ನಮೂನೆ-4ರ ಪ್ರತಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ ₹10; ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಕಾರ್ಖಾನೆಯ ಹೆಸರು, ವಿಳಾಸ, ವರ್ಷ ಇಷ್ಟನ್ನೇ ನೇರವಾಗಿ ಬರೆಯುವುದು ಒಳ್ಳೆಯದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ; ಅಲ್ಲೂ ಪರಿಹಾರ ಸಿಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ವ್ಯಾಪಾರ ರಹಸ್ಯವೆಂದು ನಿರಾಕರಿಸಿದರೂ ಎದೆಗುಂದಬೇಕಿಲ್ಲ. ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಮಾಹಿತಿ ಕೊಡಬಹುದೆಂದು ಆ ನಿರಾಕರಣೆಗೆ ಆಧಾರವಾಗುವ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ)ಯೇ ಹೇಳುತ್ತದೆ.

ಹಾನಿಯೇ ಆಗಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ಪರಿಸರ ವ್ಯಾಜ್ಯವನ್ನು ಅದು ಹುಟ್ಟಿದ 6 ತಿಂಗಳೊಳಗೆ, ಪರಿಹಾರದ ಕೋರಿಕೆಯನ್ನು 5 ವರ್ಷದೊಳಗೆ ತರಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನಗಳ ವಿನಾಯಿತಿ ಸಿಗಬಹುದು. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತವೆ.