ನಮ್ಮ ಹೆಸರುಗಳನ್ನು ಹೊತ್ತಿರುವ ಮಹಾಯಾಜಕನು

ಈ ತಿಂಗಳ ಪಾಠಕ್ಕೆ ಮೊದಲು ಯಾಜಕಕಾಂಡದ 16ನೆಯ ಅಧ್ಯಾಯವನ್ನೂ, ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ ಕಡೇ ಮೂರು ವಚನಗಳನ್ನೂ ನಿಧಾನವಾಗಿ ಓದಿಕೊಳ್ಳಿರಿ. ಕಣ್ಣು ಮಂಜಾದವರಿಗೂ ಅಕ್ಷರ ಬಾರದವರಿಗೂ ಮನೆಯ ಮಕ್ಕಳು ಓದಿ ಹೇಳಲಿ.

ಹಳ್ಳಿಯ ಸಭೆಗಳಲ್ಲಿ ನಾವು ಒಂದು ಸಂಗತಿಯನ್ನು ಮತ್ತೆ ಮತ್ತೆ ಕಾಣುತ್ತೇವೆ. ಒಬ್ಬನು ಅನೇಕ ವರುಷ ತಪ್ಪದೆ ಆರಾಧನೆಗೆ ಬರುತ್ತಿದ್ದು, ಆಮೇಲೆ ಯಾವದೋ ಒಂದು ಪಾಪದಲ್ಲಿ ಬೀಳುವನು. ಹೊಲದ ಬದುವಿನ ವ್ಯಾಜ್ಯದಲ್ಲಿ ಸುಳ್ಳು ಸಾಕ್ಷಿ ಹೇಳುವನು. ಇಲ್ಲವೆ ಮದುವೆಯ ಮನೆಯಲ್ಲಿ ಕುಡಿದು ಒಡಹುಟ್ಟಿದವನ ಮೇಲೆ ಕೈಮಾಡುವನು. ಇಲ್ಲವೆ ಮಗುವಿನ ಜ್ವರ ಇಳಿಯದ ರಾತ್ರಿಯಲ್ಲಿ ಹೆದರಿ, ತಾನು ಬಿಟ್ಟುಬಂದ ಹಳೆಯ ಹರಕೆಗೆ ಹಿಂದಿರುಗುವನು. ಅಂಥವನು ಮೊದಲು ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವನು. ಬಳಿಕ ಬಾಗಿಲ ಬಳಿಯಲ್ಲಿ ನಿಲ್ಲುವನು. ಕರ್ತನ ಭೋಜನದ ಭಾನುವಾರ ಬಂದರೆ ಬೇರೆ ಊರಿನಲ್ಲಿ ಕೆಲಸವಿದೆಯೆಂದು ಹೊರಟುಹೋಗುವನು. ಕಾರಣ ಕೇಳಿದರೆ, “ಅಯ್ಯನವರೇ, ನಾನು ಯಾವ ಮುಖ ಇಟ್ಟುಕೊಂಡು ಬರಲಿ? ಮೊದಲು ಸರಿಯಾಗುತ್ತೇನೆ, ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ತಾವೇ ನನಗೋಸ್ಕರ ಪ್ರಾರ್ಥನೆಮಾಡಿರಿ” ಎನ್ನುವನು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಅಪಾಯವಿದೆ. ಪಾಪಿಯು ಪರಿಶುದ್ಧನಾದ ದೇವರ ಮುಂದೆ ತನ್ನಷ್ಟಕ್ಕೆ ತಾನೇ ನಿಲ್ಲಲಾರನು, ಅವನಿಗೋಸ್ಕರ ಮತ್ತೊಬ್ಬನು ನಿಲ್ಲಬೇಕು ಎಂಬದು ಸತ್ಯ. ಹಾಗೆ ನಿಲ್ಲುವವನು ಇನ್ನೂ ದೊರೆತಿಲ್ಲವೆಂದು, ಇಲ್ಲವೆ ಆ ಕೆಲಸವನ್ನು ಬೋಧಕರೇ ಮಾಡಬೇಕೆಂದು ತಿಳಿಯುವದು ಅಪಾಯ. ಆದಕಾರಣ ಮಹಾಯಾಜಕನು ಎಂದರೆ ಯಾರು, ಆತನು ನಮಗೋಸ್ಕರ ಏನು ಮಾಡಿದ್ದಾನೆ ಎಂಬದನ್ನು ಆಲೋಚಿಸೋಣ.

1. ವರುಷಕ್ಕೆ ಒಂದೇ ದಿನ, ಒಬ್ಬನೇ ಮನುಷ್ಯನು

ಇಸ್ರಾಯೇಲ್ಯರು ಅರಣ್ಯದಲ್ಲಿ ಇಳುಕೊಂಡಿದ್ದಾಗ ಅವರ ಪಾಳೆಯದ ನಡುವೆ ದೇವದರ್ಶನದ ಗುಡಾರವಿತ್ತು. ಅದರೊಳಗೆ ಎರಡು ಭಾಗಗಳಿದ್ದವು. ಮೊದಲನೆಯದು ಪರಿಶುದ್ಧಸ್ಥಳ, ಅಲ್ಲಿ ದಿನಾಲೂ ಸೇವೆ ನಡೆಯುತ್ತಿತ್ತು. ಎರಡನೆಯದು ತೆರೆಯ ಆಚೆಗಿದ್ದ ಮಹಾಪರಿಶುದ್ಧಸ್ಥಳ. ಅಲ್ಲಿ ಒಡಂಬಡಿಕೆಯ ಮಂಜೂಷವೂ ಅದರ ಮೇಲೆ ಕೃಪಾಸನವೂ ಇದ್ದವು. ಆ ತೆರೆಯನ್ನು ದಾಟುವ ಅಪ್ಪಣೆ ಇಡೀ ಜನಾಂಗದಲ್ಲಿ ಮಹಾಯಾಜಕನೊಬ್ಬನಿಗೆ ಮಾತ್ರ. ಅದೂ 7ನೆಯ ತಿಂಗಳಿನ 10ನೆಯ ದಿನವಾದ ದೋಷಪರಿಹಾರಕ ದಿನದಲ್ಲಿ ಮಾತ್ರ.

ಆ ದಿವಸ ಅವನು ಸ್ನಾನಮಾಡಿ, ಬಂಗಾರದ ಕೆಲಸವುಳ್ಳ ಘನವಾದ ವಸ್ತ್ರಗಳನ್ನು ಬದಿಗಿಟ್ಟು, ನಾರಿನ ಸಾದಾ ಬಟ್ಟೆಗಳನ್ನು ಉಟ್ಟುಕೊಳ್ಳುವನು. ತನ್ನ ಪಾಪಕ್ಕೂ ತನ್ನ ಮನೆತನದವರ ಪಾಪಕ್ಕೂ ಮೊದಲು ಒಂದು ಹೋರಿಯನ್ನು ವಧಿಸುವನು. ಕೆಂಡವನ್ನೂ ಎರಡು ಹಿಡಿ ಪರಿಮಳಧೂಪವನ್ನೂ ತೆಗೆದುಕೊಂಡು ತೆರೆಯೊಳಗೆ ಹೋಗುವನು. ಧೂಪದ ಹೊಗೆ ಕೃಪಾಸನವನ್ನು ಮುಚ್ಚದಿದ್ದರೆ ಅವನು ಬದುಕುವ ಹಾಗಿರಲಿಲ್ಲ. ಬಳಿಕ ಹೋರಿಯ ರಕ್ತವನ್ನು ಅಲ್ಲಿ ಬೆರಳಿನಿಂದ ಚಿಮುಕಿಸುವನು.

ಜನರಿಗೋಸ್ಕರ ಎರಡು ಹೋತಗಳು ತರಲ್ಪಡುವವು. ಚೀಟು ಹಾಕಿ ಅವುಗಳಲ್ಲಿ ಒಂದನ್ನು ಆರಿಸಿ, ವಧಿಸಿ, ಅದರ ರಕ್ತವನ್ನು ತೆರೆಯೊಳಗೆ ಒಯ್ಯುವನು. ಮತ್ತೊಂದರ ತಲೆಯ ಮೇಲೆ ತನ್ನ ಎರಡು ಕೈಗಳನ್ನೂ ಇಟ್ಟು, ಜನರ ಅಪರಾಧಗಳನ್ನೆಲ್ಲಾ ಅರಿಕೆಮಾಡಿ, ಅದನ್ನು ಒಬ್ಬ ಮನುಷ್ಯನ ಕೈಯಿಂದ ಅಡವಿಗೆ ಕಳುಹಿಸಿಬಿಡುವನು. ಪಾಪಕ್ಕೆ ಪ್ರಾಣವೇ ಬೆಲೆಯೆಂಬದನ್ನು ಒಂದು ಹೋತವು ತೋರಿಸಿತು. ಪಾಪವು ಕಣ್ಣಿಗೆ ಕಾಣದಷ್ಟು ದೂರ ಒಯ್ಯಲ್ಪಟ್ಟಿತೆಂಬದನ್ನು ಇನ್ನೊಂದು ತೋರಿಸಿತು.

ಅದೇ ಹೊತ್ತಿನಲ್ಲಿ ಜನರು ಏನು ಮಾಡುತ್ತಿದ್ದರು? ಅವರಲ್ಲಿ ಒಬ್ಬನಾದರೂ ಗುಡಾರದೊಳಗೆ ಇರಕೂಡದಾಗಿತ್ತು. ಯಾವ ಕೆಲಸವನ್ನೂ ಮಾಡದೆ, ತಮ್ಮನ್ನು ತಗ್ಗಿಸಿಕೊಂಡು ಕಾದಿರಬೇಕಾಗಿತ್ತು. ಸ್ವದೇಶದವನಿಗೆ ಮಾತ್ರವಲ್ಲ, ಅವರ ಮಧ್ಯದಲ್ಲಿ ವಾಸಿಸುತ್ತಿದ್ದ ಪರದೇಶದವನಿಗೂ ಅದೇ ಕಟ್ಟಳೆಯಿತ್ತು. ಅವರ ಸಮಾಧಾನವು ಅವರ ಮನಸ್ಸಿನ ಸ್ಥಿತಿಯ ಮೇಲೆ ನಿಂತಿರಲಿಲ್ಲ. ಒಳಗೆ ಹೋದವನು ದೇವರಿಗೆ ಅಂಗೀಕಾರವಾದನೋ ಇಲ್ಲವೋ ಎಂಬದರ ಮೇಲೆ ನಿಂತಿತ್ತು. ಗುಡಾರದ ಬಾಗಿಲಿಗೆ ಹತ್ತಿರವಾಗಿದ್ದವನಿಗೂ, ಪಾಳೆಯದ ತುದಿಯಲ್ಲಿ ನಾಚಿಕೆಯಿಂದ ತಲೆಬಾಗಿ ಕೂತವನಿಗೂ ಅವನೊಬ್ಬನೇ ಪ್ರತಿನಿಧಿಯಾಗಿದ್ದನು.

2. ಹೆಗಲ ಮೇಲೆಯೂ ಎದೆಯ ಮೇಲೆಯೂ

ಆ ದಿನ ಬದಿಗಿಟ್ಟ ಘನವಸ್ತ್ರಗಳನ್ನು ಮಹಾಯಾಜಕನು ಬೇರೆ ದಿನಗಳ ಸೇವೆಯಲ್ಲಿ ಧರಿಸುತ್ತಿದ್ದನು. ಅವು ಹೇಗಿದ್ದವೆಂದು ವಿಮೋಚನಕಾಂಡದ 28ನೆಯ ಅಧ್ಯಾಯದಲ್ಲಿ ನೋಡಿರಿ. ಎರಡು ಹೆಗಲುಗಳ ಮೇಲೆ ಎರಡು ಗೋಮೇಧಕ ರತ್ನಗಳು. ಒಂದೊಂದರಲ್ಲಿ ಇಸ್ರಾಯೇಲನ ಮಕ್ಕಳಲ್ಲಿ ಆರಾರು ಮಂದಿಯ ಹೆಸರುಗಳು. ಎದೆಯ ಮೇಲೆ ಒಂದು ಗೇಣು ಉದ್ದ, ಒಂದು ಗೇಣು ಅಗಲವಾದ ಪದಕ. ಅದರಲ್ಲಿ ನಾಲ್ಕು ಸಾಲಾಗಿ 12 ರತ್ನಗಳು. ಪ್ರತಿಯೊಂದು ರತ್ನದಲ್ಲಿ ಒಂದೊಂದು ಕುಲದ ಹೆಸರು. ಹೆಗಲು ಭಾರ ಹೊರುವ ಸ್ಥಳ, ಎದೆ ಪ್ರೀತಿಯ ಸ್ಥಳ. ಅವನು ಪರಿಶುದ್ಧಸ್ಥಳಕ್ಕೆ ಒಬ್ಬನೇ ಹೋದರೂ ಒಂಟಿಯಾಗಿ ಹೋಗುತ್ತಿರಲಿಲ್ಲ. ಜನರನ್ನೆಲ್ಲಾ ಹೊತ್ತುಕೊಂಡು ಹೋಗುತ್ತಿದ್ದನು.

ಆ ಹೆಸರುಗಳು ಯಾರವು? ಹೆಗಲ ರತ್ನಗಳಲ್ಲಿ ಅವು ಹುಟ್ಟಿದ ಕ್ರಮದಲ್ಲಿ ಕೆತ್ತಲ್ಪಟ್ಟಿದ್ದವು. ಆದದರಿಂದ ಮೊದಲನೆಯ ಹೆಸರು ರೂಬೇನನದು. ಅವನು ತನ್ನ ತಂದೆಯ ಹಾಸಿಗೆಯನ್ನು ಹೊಲೆಮಾಡಿ ಹಿರಿಯತನವನ್ನು ಕಳಕೊಂಡವನು. ಎರಡನೆಯದು ಸಿಮೆಯೋನನದು. ಅವನು ಲೇವಿಯೊಂದಿಗೆ ಕೂಡಿ ಒಂದು ಊರಿನ ಗಂಡಸರನ್ನು ಮೋಸದಿಂದ ಕೊಂದವನು. ಮರಣಕಾಲದಲ್ಲಿ ಯಾಕೋಬನು ಆ ಇಬ್ಬರ ಕೋಪವನ್ನು ಶಪಿಸಿದನು. ಯೋಸೇಫನನ್ನು ಮಾರಿದ ಅಣ್ಣಂದಿರ ಹೆಸರುಗಳೂ ಅಲ್ಲಿದ್ದವು. ನೀತಿವಂತರ ಹೆಸರುಗಳನ್ನು ಮಾತ್ರ ಕೆತ್ತಬೇಕೆಂದು ದೇವರು ಅಪ್ಪಣೆಕೊಡಲಿಲ್ಲ. ಹಾಗೆ ಕೊಟ್ಟಿದ್ದರೆ ಆ ರತ್ನಗಳಲ್ಲಿ ಎಷ್ಟು ಹೆಸರುಗಳು ಉಳಿಯುತ್ತಿದ್ದವು?

3. ಆ ಯಾಜಕರಲ್ಲಿದ್ದ ಕೊರತೆ

ಆದರೆ ಆ ಯಾಜಕತ್ವವು ನೆರಳೇ ಹೊರತು ನಿಜಸ್ವರೂಪವಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಕಲಿಸುತ್ತದೆ. ಅದರಲ್ಲಿ ಮೂರು ಕೊರತೆಗಳಿದ್ದವು.

ಒಂದನೆಯದು, ಯಾಜಕನೂ ಪಾಪಿಯೇ. ಜನರ ಹೋತಕ್ಕೆ ಮುಂಚೆ ತನ್ನ ಹೋರಿಯನ್ನು ತರಬೇಕಾಗಿತ್ತು. ಎರಡನೆಯದು, ಕೆಲಸ ಮುಗಿಯಲಿಲ್ಲ. ಈ ವರುಷ ಮಾಡಿದ್ದನ್ನು ಬರುವ ವರುಷವೂ ಮಾಡಬೇಕಾಗಿತ್ತು. ಮೂರನೆಯದು, ಯಾಜಕನು ಸಾಯುತ್ತಿದ್ದನು. ಕರ್ತನಿಗೆ ಮರಣದಂಡನೆಯಾಗಬೇಕೆಂದು ತೀರ್ಮಾನಿಸಿದ ನ್ಯಾಯಸಭೆಯ ಮುಖ್ಯಸ್ಥನು ಮಹಾಯಾಜಕನಾದ ಕಾಯಫನು. ಅವನ ಹೆಸರನ್ನು ಗೀಚಿದ ಎಲುಬಿನ ಪೆಟ್ಟಿಗೆಯೊಂದು 1990ರಲ್ಲಿ ಯೆರೂಸಲೇಮಿನ ಒಂದು ಗವಿಯಲ್ಲಿ ಸಿಕ್ಕಿತು. ಅದು ಅವನದೇ ಎಂದು ಅನೇಕ ಪಂಡಿತರು ಎಣಿಸುತ್ತಾರೆ. ತೆರೆಯೊಳಗೆ ಪ್ರವೇಶಿಸುತ್ತಿದ್ದವರ ಅಂತ್ಯವು ಇಂಥದು. 70ನೆಯ ಇಸವಿಯಲ್ಲಿ ರೋಮಾಯರ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಕೆಡವಿಬಿಟ್ಟಿತು. ಅಂದಿನಿಂದ ಇಂದಿನ ವರೆಗೂ ಅಲ್ಲಿ ಯಜ್ಞವೇದಿಯೂ ಇಲ್ಲ, ತೆರೆಯೂ ಇಲ್ಲ, ಒಳಗೆ ಹೋಗುವ ಮಹಾಯಾಜಕನೂ ಇಲ್ಲ.

4. ನಮಗೆ ಬೇಕಾದಂಥ ಮಹಾಯಾಜಕನು

ನಮ್ಮ ಕರ್ತನು ಲೇವಿಯ ಕುಲದವನಲ್ಲ, ಯೆಹೂದ ಕುಲದವನು. ಹಾಗಾದರೆ ಆತನು ಯಾಜಕನಾದದ್ದು ಹೇಗೆ? ಅಬ್ರಹಾಮನು ಅರಸರನ್ನು ಸೋಲಿಸಿ ಹಿಂದಿರುಗಿದಾಗ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದು ಅವನನ್ನು ಆಶೀರ್ವದಿಸಿದ ಮೆಲ್ಕಿಜೆದೇಕನ ಸಂಗತಿ ಆದಿಕಾಂಡದ 14ನೆಯ ಅಧ್ಯಾಯದಲ್ಲಿದೆ. ಅವನು ಸಾಲೇಮಿನ ಅರಸನೂ ದೇವರ ಯಾಜಕನೂ ಆಗಿದ್ದನು. ಅವನ ವಂಶಾವಳಿಯಾಗಲಿ ಮರಣವಾಗಲಿ ಶಾಸ್ತ್ರದಲ್ಲಿ ಬರೆಯಲ್ಪಟ್ಟಿಲ್ಲ. ಕ್ರಿಸ್ತನು ಅಂಥ ತರದ ಯಾಜಕನು. ಹುಟ್ಟಿದ ಕುಲದಿಂದಲ್ಲ, ದೇವರ ಆಣೆಯಿಂದಲೂ ನಾಶವಾಗದ ಜೀವದ ಬಲದಿಂದಲೂ ನೇಮಿಸಲ್ಪಟ್ಟವನು.

ಆತನೂ ತನ್ನ ಮಹಿಮೆಯನ್ನು ಬದಿಗಿಟ್ಟು ದಾಸನ ರೂಪವನ್ನು ಧರಿಸಿಕೊಂಡನು. ಆತನಿಗೆ ತನ್ನ ಪಾಪಕ್ಕಾಗಿ ಹೋರಿ ಬೇಕಾಗಿರಲಿಲ್ಲ, ಯಾಕಂದರೆ ಆತನಲ್ಲಿ ಪಾಪವಿರಲಿಲ್ಲ. ಆತನು ಪರರ ರಕ್ತವನ್ನಲ್ಲ, ಸ್ವಂತ ರಕ್ತವನ್ನೇ ಅರ್ಪಿಸಿದನು. ದೋಷಪರಿಹಾರಕ ಪಶುಗಳ ದೇಹಗಳು ಪಾಳೆಯದ ಹೊರಗೆ ಸುಡಲ್ಪಟ್ಟಂತೆ, ಆತನು ಊರಬಾಗಿಲಿನ ಹೊರಗೆ ಸತ್ತನು. ಆ ಹೊತ್ತಿನಲ್ಲಿ ದೇವಾಲಯದ ತೆರೆಯು ಮೇಲಿನಿಂದ ಕೆಳಗಿನ ವರೆಗೆ ಹರಿದುಹೋಯಿತು. ಲೇವಿಯ ಯಾಜಕನು ದಿನಾಲೂ ನಿಂತುಕೊಂಡು ಸೇವೆಮಾಡುತ್ತಿದ್ದನು; ಅವನ ಕೆಲಸಕ್ಕೆ ಕೊನೆಯಿರಲಿಲ್ಲ. ಕ್ರಿಸ್ತನಾದರೋ ಒಂದೇ ಸಾರಿ ಅರ್ಪಿಸಿ ದೇವರ ಬಲಗಡೆಯಲ್ಲಿ ಕೂತುಕೊಂಡನು. ದಿನದ ಬಿತ್ತನೆಯೆಲ್ಲಾ ಮುಗಿದ ಮೇಲಲ್ಲವೇ ರೈತನು ಬದುವಿನ ಮೇಲೆ ಕೂತುಕೊಳ್ಳುವದು?

ಆತನು ಕೂತಿದ್ದರೂ ನಮ್ಮನ್ನು ಮರೆತು ಕೂತಿಲ್ಲ. ಹಸಿವು, ದಣಿವು, ಕಣ್ಣೀರು, ಸ್ನೇಹಿತರ ದ್ರೋಹ, ಸೈತಾನನ ಶೋಧನೆ ಇವೆಲ್ಲವನ್ನು ಆತನು ಮನುಷ್ಯನಾಗಿ ಅನುಭವಿಸಿದನು. ಆದಕಾರಣ ನಮ್ಮ ಬಲಹೀನತೆಯು ಆತನಿಗೆ ಕೇಳಿ ತಿಳಿದ ಸುದ್ದಿಯಲ್ಲ.

5. ಮಹಾಯಾಜಕನ ಅಂಗಳದಲ್ಲಿ ನಡೆದದ್ದು

ಕರ್ತನು ಹಿಡಿಯಲ್ಪಟ್ಟ ರಾತ್ರಿಯನ್ನು ಜ್ಞಾಪಕಮಾಡಿಕೊಳ್ಳಿರಿ. ಭೂಮಿಯ ಮಹಾಯಾಜಕನ ಮನೆಯ ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಪೇತ್ರನು ಅಲ್ಲಿ ಚಳಿಕಾಯಿಸಿಕೊಳ್ಳುತ್ತಾ, ತಾನು ಯೇಸುವನ್ನು ಅರಿಯೆನೆಂದು ಮೂರು ಸಾರಿ ಹೇಳಿದನು. ಅದೇ ಮನೆಯಲ್ಲಿ, ಕೈಕಟ್ಟಲ್ಪಟ್ಟವನಾಗಿ, ನಿಜವಾದ ಮಹಾಯಾಜಕನು ಇದ್ದನು. ಪೇತ್ರನು ಬೀಳುವದಕ್ಕೆ ಮೊದಲೇ, ಅವನ ನಂಬಿಕೆಯು ಕುಂದದಂತೆ ತಾನು ಬೇಡಿಕೊಂಡಿದ್ದೇನೆಂದು ಆತನು ಊಟದ ಮೇಜಿನ ಬಳಿಯಲ್ಲಿ ತಿಳಿಸಿದ್ದನು. ಕೋಳಿ ಕೂಗಿದಾಗ ಆತನು ತಿರುಗಿಕೊಂಡು ಪೇತ್ರನನ್ನು ನೋಡಿದನು. ಪೇತ್ರನು ಹೊರಗೆ ಹೋಗಿ ಬಹಳವಾಗಿ ಅತ್ತನು.

ಪೇತ್ರನು ಸರಿಯಾದ ಮೇಲೆ ಕರ್ತನು ಅವನಿಗೋಸ್ಕರ ಪ್ರಾರ್ಥಿಸಲಿಲ್ಲ. ಕರ್ತನು ಪ್ರಾರ್ಥಿಸಿದ್ದರಿಂದಲೇ ಪೇತ್ರನು ತಿರಿಗಿ ಬಂದನು. “ಮೊದಲು ಸರಿಯಾಗುತ್ತೇನೆ” ಎನ್ನುವ ಸಹೋದರನೇ, ಈ ಕ್ರಮವನ್ನು ಚೆನ್ನಾಗಿ ಗಮನಿಸು. ನೀನು ಬಾಗಿಲ ಬಳಿಯಲ್ಲಿ ನಿಂತಿರುವಾಗಲೇ ನಿನ್ನ ಹೆಸರು ಆತನ ಎದೆಯ ಮೇಲಿದೆ.

6. ಹತ್ತಿರ ಬರುವದು ಹೇಗೆ?

ಆದರೂ ಯಾರೂ ಈ ಉಪದೇಶವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೋರ್ಟಿನಲ್ಲಿ ನಮ್ಮ ವಕೀಲನು ಹಣ ತೆಗೆದುಕೊಂಡು, ನಮ್ಮ ತಪ್ಪು ತಪ್ಪೇ ಅಲ್ಲವೆಂದು ವಾದಿಸಬಹುದು. ನಮ್ಮ ಮಹಾಯಾಜಕನು ಹಾಗೆ ವಾದಿಸುವದಿಲ್ಲ. ಪಾಪವನ್ನು ಪಾಪವೆಂದೇ ಒಪ್ಪಿಕೊಂಡು, ಅದರ ಬೆಲೆಯನ್ನು ತಾನೇ ಸಲ್ಲಿಸಿದ್ದೇನೆಂದು ಗಾಯದ ಕೈಗಳನ್ನು ತೋರಿಸುತ್ತಾನೆ. ಹೋತದ ತಲೆಯ ಮೇಲೆ ಕೈಯಿಟ್ಟವನು ಪಾಪಗಳನ್ನು ಅರಿಕೆಮಾಡಿದ ಹಾಗೆ, ನಾವೂ ನಮ್ಮ ಪಾಪವನ್ನು ಮರೆಮಾಡದೆ ಹೆಸರಿಟ್ಟು ಹೇಳಬೇಕು. ನೆರೆಯವನಿಗೆ ನಷ್ಟಮಾಡಿದವನು ಮೂಲವನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ಹಿಂದಕ್ಕೆ ಕೊಡಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯವು ವಿಧಿಸಿತು. ಬದುವನ್ನು ಸರಿಸಿದವನು ತಿರಿಗಿ ಸ್ವಸ್ಥಾನದಲ್ಲಿ ನಿಲ್ಲಿಸಲಿ. ಸುಳ್ಳು ಹೇಳಿದವನು ಅದೇ ಜನರ ಮುಂದೆ ಸತ್ಯವನ್ನು ಹೇಳಲಿ. ಒಡಹುಟ್ಟಿದವನನ್ನು ಹೊಡೆದವನು ಅವನ ಬಾಗಿಲಿಗೆ ಹೋಗಿ ಕ್ಷಮೆಬೇಡಲಿ. ಇದು ಕ್ಷಮೆಗೆ ನಾವು ಕೊಡುವ ಕ್ರಯವಲ್ಲ, ಕ್ಷಮೆ ಹೊಂದಿದವನು ನಡೆಯತಕ್ಕ ದಾರಿ.

ಬೋಧಕರೂ ಉಪದೇಶಿಗಳೂ ನಿಮಗೋಸ್ಕರ ಪ್ರಾರ್ಥಿಸುವದು ಯುಕ್ತವೇ, ನಾವೂ ಪ್ರಾರ್ಥಿಸುತ್ತೇವೆ. ಆದರೆ ಅವರು ನಿಮ್ಮ ಪಕ್ಕದಲ್ಲಿ ಮೊಣಕಾಲೂರುವ ಪಾಪಿಗಳೇ ಹೊರತು ತೆರೆಯೊಳಗೆ ಹೋಗುವ ಯಾಜಕರಲ್ಲ. ಆ ಸೇವೆಯು ಒಬ್ಬನದೇ. ಆತನು ಇದ್ದಾನೆ, ಜೀವಿಸುತ್ತಾನೆ, ಬೇಡಿಕೊಳ್ಳುತ್ತಾನೆ.

ಆದಕಾರಣ, ಬಾಗಿಲ ಬಳಿಯಲ್ಲಿ ನಿಂತ ಸಹೋದರನೇ, ಸಹೋದರಿಯೇ, ಇನ್ನೊಂದು ವರುಷ ಕಾಯಬೇಡ. ಒಳ್ಳೇ ಮುಖವನ್ನು ಹುಡುಕುತ್ತಾ ಹೊರಗೆ ಉಳಿಯಬೇಡ. ಆತನ ಮುಖವನ್ನು ನೋಡಿ ದೇವರು ನಿನ್ನನ್ನು ಅಂಗೀಕರಿಸುತ್ತಾನೆ. ಪಾಪವನ್ನು ಅರಿಕೆಮಾಡಿ ಕರ್ತನ ಮೇಜಿಗೆ ಬಾ. ಮುಂದಿನ ಸಾಲಿನಲ್ಲಿ ಕೂತಿರುವ ನಾವಾದರೋ, ಅವನು ಬಂದಾಗ ಪಿಸುಮಾತಾಡದೆ ಸರಿದು ಸ್ಥಳಕೊಡೋಣ. ನಮ್ಮ ಹೆಸರಿಗೂ ಬೇರೆ ಸ್ಥಳವಿಲ್ಲ. ಅವನ ಹೆಸರಿದ್ದ ಎದೆಯ ಮೇಲೆಯೇ ನಮ್ಮದೂ ಇದೆ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ದೋಷಪರಿಹಾರಕ ದಿನದಲ್ಲಿ ಎರಡು ಹೋತಗಳು ಯಾಕೆ ಬೇಕಾಗಿದ್ದವು?

2. ರೂಬೇನನ ಹೆಸರು ಮಹಾಯಾಜಕನ ಹೆಗಲ ಮೇಲೆ ಇದ್ದದ್ದರಿಂದ ನಾವು ಏನು ಕಲಿಯುತ್ತೇವೆ?

3. ಕ್ರಿಸ್ತನು ಕೂತುಕೊಂಡನೆಂಬದರ ಅರ್ಥವೇನು?

4. ನಮ್ಮ ಸಭೆಯಲ್ಲಿ ನಾಚಿಕೆಯಿಂದ ಹಿಂದೆ ಉಳಿದವರು ಇದ್ದಾರೋ? ಈ ವಾರದಲ್ಲಿ ಅವರ ಮನೆಗೆ ಹೋಗುವವರು ಯಾರು?